ಬಾಕಿ

ತೂಕದ ಮೆಷಿನ್ 51 ಗ್ರಾಂ ತೋರಿಸಿತು. ಲಕೋಟೆ ತೆಗೆದು ಮತ್ತೆ ಇಟ್ಟೆ. 51. ಆಫ್ ಮಾಡಿ ಆನ್ ಮಾಡಿದೆ. ಆಗಲೂ 51. ಅಂಚೆಯ ದರಪಟ್ಟಿ ಮೆಟ್ಟಿಲಿನ ಹಾಗೆ. 50 ಗ್ರಾಂವರೆಗೆ ಒಂದು ಮೆಟ್ಟಿಲು, ಒಂದೇ ಗ್ರಾಂ ಜಾಸ್ತಿಯಾದರೂ ಮುಂದಿನ ಮೆಟ್ಟಿಲು. ಅದನ್ನು ಹತ್ತಿದರೆ ಒಳಗಿರುವ ಝೀನ್, ಅಂದರೆ ಕೈಯಾರೆ ಮಾಡಿದ ಪುಟ್ಟ ಪತ್ರಿಕೆ, ಮಾರಿದ್ದಕ್ಕೆ ನನಗೆ ಏನೂ ಉಳಿಯುವುದಿಲ್ಲ. ಕೈಯಿಂದಲೇ ಸ್ವಲ್ಪ ಹೋಗುತ್ತದೆ.

ಒಳಗೆ ಏನೇನಿದೆ ಅಂತ ಕೂತು ಲೆಕ್ಕ ಹಾಕಿದೆ. ಎ5 ಅಳತೆಯ ಝೀನ್. ಆರು ಎ4 ಹಾಳೆಗಳನ್ನು ಮಧ್ಯಕ್ಕೆ ಮಡಚಿದರೆ 24 ಪುಟ. ಮಾಮೂಲಿ ಜೆರಾಕ್ಸ್ ಕಾಗದ 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ, ಎ4 ಹಾಳೆಗೆ 5 ಗ್ರಾಂ. ಇದನ್ನು ತೂಗಿ ನೋಡಲೇಬೇಕಾಗಿಲ್ಲ. ಎ0 ಹಾಳೆ ಒಂದು ಚದರ ಮೀಟರ್, ಅದನ್ನು ಹದಿನಾರು ಭಾಗ ಮಾಡಿದರೆ ಎ4. 80ನ್ನು 16ರಿಂದ ಭಾಗಿಸಿದರೆ 5. ಹಾಗಾಗಿ ಒಳಪುಟಗಳು 30 ಗ್ರಾಂ. ಮುಖಪುಟಕ್ಕೆ ಹಾಕಿದ್ದು 160 ಜಿಎಸ್‌ಎಂ ದಪ್ಪ ಕಾಗದ, ಅದು 10. ಲಕೋಟೆ, ಟೇಪು, ವಿಳಾಸದ ಚೀಟಿ ಸೇರಿ 8. ಒಟ್ಟು 48. ಮತ್ತೆ ಮಿಕ್ಕಿದ್ದು ಎಲ್ಲಿಂದ ಬಂತು?

ನನ್ನ ಪತ್ರದಿಂದ. ಕೊಂಡವರಿಗೆ ಅರ್ಧ ಹಾಳೆಯಲ್ಲಿ ಕೈಯಾರೆ ಬರೆದು ಇಟ್ಟಿದ್ದೆ. ಎರಡೂವರೆ ಗ್ರಾಂ. ಭಾರವಾಗಿದ್ದು ಝೀನ್ ಅಲ್ಲ, ನಾನು!

ಪತ್ರ ತೆಗೆದುಬಿಡಬಹುದಿತ್ತು. ಆದರೆ ಬರೀ ಝೀನ್ ಹಾಕಿ ಅಂಟಿಸಿ ಕಳಿಸುವುದಾದರೆ ಈ ಕೆಲಸ ನಾನೇ ಯಾಕೆ ಮಾಡಬೇಕು ಅನ್ನಿಸಿತು. ಕೊನೆಗೆ ಎ4 ಹಾಳೆಯೊಂದನ್ನು ಎಂಟು ತುಂಡು ಮಾಡಿ, ಒಂದು ತುಂಡಿನ ಮೇಲೆ ನಾಲ್ಕು ಸಾಲು ಬರೆದೆ. ಮೆಷಿನ್ 49ಕ್ಕೆ ಬಂತು. ಅವತ್ತಿನಿಂದ ನನ್ನ ಪತ್ರಗಳೆಲ್ಲ ಚೀಟಿಗಳಾಗಿವೆ. ಬೇಡದ ಮಾತು ಕಮ್ಮಿಯಾಗಿದೆ ಅಂತ ಒಬ್ಬ ಗೆಳೆಯರು ಹೇಳಿದರು. ಮೊದಲು ಜಾಸ್ತಿ ಇತ್ತು ಅಂತ ಅವರು ಆಗ ಹೇಳಿರಲಿಲ್ಲ.

ನಾನು ಮಾಡುವುದು ಇದು: ಜನ ತಮ್ಮ ಕೈಯಿಂದ ಬರೆದು, ಕತ್ತರಿಸಿ, ಅಂಟಿಸಿ, ಜೆರಾಕ್ಸ್ ಮಾಡಿ, ಮಡಚಿ, ಪಿನ್ ಹೊಡೆದ ಪುಟ್ಟ ಪತ್ರಿಕೆಗಳನ್ನು ತರಿಸಿಕೊಂಡು, ಒಂದು ಪಟ್ಟಿ ಮಾಡಿ, ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತೇನೆ. ಇಂಥ ಪತ್ರಿಕೆಗೆ ಝೀನ್ ಅನ್ನುತ್ತಾರೆ. ಮ್ಯಾಗಜೀನ್‌ನ ತಲೆ ಕತ್ತರಿಸಿದರೆ ಉಳಿಯುವ ಬಾಲ. ಇದನ್ನು ಹಂಚುವ ನನ್ನಂಥವರಿಗೆ ಡಿಸ್ಟ್ರೋ ಅಂತ ಹೆಸರು. ದೊಡ್ಡ ಹೆಸರು. ಇಡೀ ಡಿಸ್ಟ್ರೋ ಅಂದರೆ ಒಂದು ಅಲಮಾರಿ, ಒಂದು ಮೇಜು, ಒಂದು ತೂಕದ ಮೆಷಿನ್, ನಾನು.

ಅಲಮಾರಿಯಲ್ಲಿ ಈಗ ಸುಮಾರು ಅರವತ್ತು ಬಗೆಯ ಝೀನ್‌ಗಳಿವೆ. ಒಬ್ಬರು ತಮ್ಮ ಅಜ್ಜಿಯ ಮರೆವಿನ ಬಗ್ಗೆ ಬರೆದಿದ್ದಾರೆ. ಇನ್ನೊಬ್ಬರದು ಬರೀ ಬೀಗದ ಚಿತ್ರಗಳು. ರಾತ್ರಿ ಪಾಳಿಯ ಕಾವಲು ಕೆಲಸದವರೊಬ್ಬರು ಗಂಟೆಗೊಂದು ಪುಟದ ಲೆಕ್ಕದಲ್ಲಿ ಮಾಡಿದ್ದು ಒಂದಿದೆ. ಅದರಲ್ಲಿ ಮೂರು ಗಂಟೆಯ ಪುಟ ಖಾಲಿ. ನಿದ್ದೆ ಬಂದಿತ್ತಂತೆ. ಇವನ್ನು ಯಾವ ಪ್ರಕಾಶಕರೂ ಪ್ರಕಟಿಸುವುದಿಲ್ಲ, ಪ್ರಕಟಿಸಲೂಬಾರದು. 1,000 ಪ್ರತಿ ಅಚ್ಚಾದರೆ ಆ ಖಾಲಿ ಪುಟಕ್ಕೆ ಯಾರಾದರೂ ಜಾಹೀರಾತು ಹಾಕುತ್ತಾರೆ.

ಝೀನ್‌ಗೂ ಅಂಚೆಗೂ ನಂಟು ಹಳೆಯದು. 1930ರಲ್ಲಿ ಅಮೆರಿಕದಲ್ಲಿ ವಿಜ್ಞಾನ ಕಥೆಗಳ ಹುಚ್ಚು ಹಿಡಿದವರು, ಪತ್ರಿಕೆಗಳ ಓದುಗರ ಅಂಕಣದಲ್ಲಿ ಅಚ್ಚಾಗುತ್ತಿದ್ದ ವಿಳಾಸ ನೋಡಿ ಒಬ್ಬರಿಗೊಬ್ಬರು ಕಾಗದ ಬರೆಯಲು ಶುರು ಮಾಡಿದ್ದರು. ಆ ಪತ್ರ ವ್ಯವಹಾರದ ಕೂಟವೇ ‘ದಿ ಕಾಮೆಟ್’ ಅನ್ನುವ ಪತ್ರಿಕೆ ಹೊರಡಿಸಿತು. ಮೊದಲ ಫ್ಯಾನ್‌ಝೀನ್, ಅಂದರೆ ಅಭಿಮಾನಿಗಳೇ ಮಾಡಿದ ಝೀನ್, ಅಂತ ಸಾಮಾನ್ಯವಾಗಿ ಹೇಳುವುದು ಅದನ್ನೇ. ಫ್ಯಾನ್‌ಝೀನ್ ಅನ್ನುವ ಪದ ಹುಟ್ಟಿದ್ದು ಹತ್ತು ವರ್ಷ ಆದಮೇಲೆ, 1940ರಲ್ಲಿ. ಜೆರಾಕ್ಸ್ ಕಂಪನಿಯ 914 ಯಂತ್ರ 1959ರಲ್ಲಿ ಬಂತು. ಅಲ್ಲಿಂದ ಮುಂದೆ ಕಚೇರಿಯಲ್ಲಿ ಕೆಲಸ ಮಾಡುವವರ ಕೈಗೆ ಒಂದು ಗುಟ್ಟಿನ ಅಚ್ಚುಕೂಟ ಸಿಕ್ಕಿದ ಹಾಗಾಯಿತು. ಸಾಹೇಬರು ಮನೆಗೆ ಹೋದಮೇಲೆ ಎಷ್ಟು ಝೀನ್‌ಗಳು ಹುಟ್ಟಿವೆಯೋ, ಲೆಕ್ಕ ಇಟ್ಟವರಿಲ್ಲ.

1982ರಲ್ಲಿ ಶುರುವಾದ ‘ಫ್ಯಾಕ್ಟ್‌ಶೀಟ್ ಫೈವ್’ ಬಗ್ಗೆ ನನಗೆ ವಿಶೇಷ ಪ್ರೀತಿ. ಅದು ಝೀನ್‌ಗಳ ಬಗ್ಗೆಯೇ ಇದ್ದ ಝೀನ್. ಸಂಚಿಕೆ ತುಂಬ ಪುಟಾಣಿ ವಿಮರ್ಶೆಗಳು, ಪ್ರತಿಯೊಂದರ ಕೊನೆಗೆ ವಿಳಾಸ. ನಡುವೆ ಅಂಗಡಿಯವರು ಯಾರೂ ಇಲ್ಲ. ಓದುಗರು ನೇರವಾಗಿ ಮಾಡಿದವರಿಗೇ ಬರೆಯಬೇಕು, ಲಕೋಟೆಯಲ್ಲಿ ದುಡ್ಡೋ ಅಂಚೆಚೀಟಿಯೋ ಇಟ್ಟು ಕಳಿಸಬೇಕು, ಕಾಯಬೇಕು. ಎಷ್ಟು ಚೆನ್ನಾಗಿದೆ ಅಲ್ವಾ? ಇದನ್ನು ಯೋಚಿಸಿದಾಗಲೆಲ್ಲ ನನ್ನ ಕೆಲಸ ಬೇಕಾ ಅನ್ನಿಸುತ್ತದೆ. ಆಮೇಲೆ ಝೀನ್ ಮಾಡುವವರಿಂದ ಕಾಗದ ಬರುತ್ತದೆ: ‘ಮಾಡೋದು ಖುಷಿ. ಕಳಿಸೋದು ಸಾಕಾಗಿ ಹೋಗಿದೆ. ನೀವು ಒಂದಿಪ್ಪತ್ತು ಇಟ್ಕೊಳ್ತೀರಾ?’

ಇಟ್ಟುಕೊಳ್ಳುತ್ತೇನೆ. ಇಟ್ಟುಕೊಳ್ಳುವುದರಲ್ಲೇ ಎಲ್ಲ ತಾಪತ್ರಯ ಇರುವುದು.

ಝೀನ್ ತರಿಸಿಕೊಳ್ಳಲು ಎರಡು ದಾರಿ. ಒಂದು, ಪೂರ್ತಿ ದುಡ್ಡು ಕೊಟ್ಟು ಕೊಂಡುಬಿಡುವುದು. ಮುಖಬೆಲೆಯ ಅರ್ಧಕ್ಕೋ ಅದಕ್ಕಿಂತ ಸ್ವಲ್ಪ ಜಾಸ್ತಿಗೋ ಕೊಡುತ್ತಾರೆ, ಮಾರಾಟ ಆಗದಿದ್ದರೆ ನಷ್ಟ ನನ್ನದು. ಇನ್ನೊಂದು, ಮಾರಿದ ಮೇಲೆ ದುಡ್ಡು. ಪ್ರತಿಗಳು ನನ್ನ ಅಲಮಾರಿಯಲ್ಲಿರುತ್ತವೆ, ಆದರೆ ಮಾರಾಟವಾಗುವ ತನಕ ಮಾಡಿದವರ ಸ್ವತ್ತು. ಮಾರಾಟವಾದರೆ ಅವರಿಗೆ 60 ಪಾಲು, ನನಗೆ 40. ಈ ಲೋಕದಲ್ಲಿ ಹೆಚ್ಚು ಕಡಿಮೆ ಇದೇ ಲೆಕ್ಕ ಓಡುವುದು. 40 ಕೇಳಿದರೆ ಜಾಸ್ತಿ ಅನ್ನಿಸಬಹುದು. ಲಕೋಟೆ, ಟೇಪು, ರಟ್ಟು, ಹಾಳಾದ ಪ್ರತಿ, ಕಳೆದುಹೋದ ಪಾರ್ಸೆಲ್ ಎಲ್ಲ ಅದರಲ್ಲೇ ಆಗಬೇಕು. ಮಿಕ್ಕಿದ್ದು ನನ್ನ ಕೂಲಿ. ಆ ಕೂಲಿಯನ್ನು ಗಂಟೆಗಳಿಂದ ಭಾಗಿಸುವ ಕೆಲಸ ಒಮ್ಮೆ ಮಾಡಿದೆ. ಇನ್ನೊಮ್ಮೆ ಮಾಡಲಿಲ್ಲ.

ಶುರುವಿನಲ್ಲಿ ನನಗೆ ಎರಡನೇ ದಾರಿ ಸುಲಭದ್ದು ಅನ್ನಿಸಿತ್ತು. ಕೈಯಲ್ಲಿ ದುಡ್ಡಿಲ್ಲದೆ ಅಂಗಡಿ ತೆರೆದ ಹಾಗೆ. ಅಲಮಾರಿ ತುಂಬುತ್ತಾ ಹೋಯಿತು. ಬಂದವರಿಗೆ ‘ನನ್ನ ಸಂಗ್ರಹ’ ಅಂತ ತೋರಿಸುತ್ತಿದ್ದೆ. ನನ್ನ ಸಂಗ್ರಹ! ಅದರಲ್ಲಿ ಮುಕ್ಕಾಲು ಪಾಲು ನನ್ನದಾಗಿರಲೇ ಇಲ್ಲ.

ಎರಡನೇ ವರ್ಷ ಒಂದು ಕಾಗದ ಬಂತು. ಆ ಅಜ್ಜಿಯ ಮರೆವಿನ ಝೀನ್ ಮಾಡಿದವರದು. ‘ಇಲ್ಲೊಂದು ಮೇಳ ಇದೆ. ನನ್ನ ಹತ್ತಿರ ಪ್ರತಿ ಖಾಲಿ. ನಿಮ್ಮಲ್ಲಿ ಉಳಿದಿರುವುದನ್ನು ಕಳಿಸುತ್ತೀರಾ? ಹಾಗೇ ಲೆಕ್ಕವನ್ನೂ ಮುಗಿಸಿಬಿಡೋಣ.’ ಮಾತಿನಲ್ಲಿ ಏನೂ ಒರಟಿಲ್ಲ. ಲೆಕ್ಕದ ಪುಸ್ತಕ ತೆಗೆದೆ. ಬಂದದ್ದು 20 ಪ್ರತಿ. ಮಾರಿದ್ದು 8 ಅಂತ ಬರೆದುಕೊಂಡಿದ್ದೆ. ಹಾಗಾದರೆ ಅಲಮಾರಿಯಲ್ಲಿ 12 ಇರಬೇಕು. ಎಣಿಸಿದೆ. 9 ಇದ್ದವು. ಬೇರೆ ಝೀನ್‌ಗಳ ನಡುವೆ ಹುಡುಕಿದೆ, ಮೇಜಿನ ಕೆಳಗೆ ಹುಡುಕಿದೆ. 9.

ಆ ಮೂರು ಎಲ್ಲಿ ಹೋದವು? ಒಂದನ್ನು ಯಾರಿಗೋ ‘ಓದಿ ನೋಡಿ’ ಅಂತ ಕೊಟ್ಟ ನೆನಪು. ಇನ್ನೊಂದನ್ನು ಅವಸರದಲ್ಲಿ ಕಳಿಸಿ ಬರೆದುಕೊಳ್ಳಲು ಮರೆತಿರಬೇಕು. ಮೂರನೆಯದು ಇವತ್ತಿಗೂ ಗೊತ್ತಿಲ್ಲ. ಪುಸ್ತಕ ಏನಾದರೂ ಹೇಳಲಿ, ಅಲಮಾರಿ ಹೇಳುವುದೇ ಸತ್ಯ. 11 ಪ್ರತಿಯ ದುಡ್ಡು ಕೊಡಬೇಕು. ಅದರಲ್ಲಿ ನಾಲ್ಕರದು ಹಿಂದೆಯೇ ಕೊಟ್ಟಿದ್ದೆ. ಏಳರದು ಬಾಕಿ.

ಆ ಏಳು ಪ್ರತಿಯ ದುಡ್ಡು ನನ್ನ ಹತ್ತಿರ ಇರಲಿಲ್ಲ. ಎಲ್ಲ ದುಡ್ಡನ್ನೂ ಒಂದೇ ಡಬ್ಬಿಯಲ್ಲಿ ಹಾಕುತ್ತಿದ್ದೆ. ಕ್ಯಾಟಲಾಗ್ ಅಚ್ಚು ಹಾಕಿಸಲು ಅದರಿಂದಲೇ ತೆಗೆದಿದ್ದೆ. ಕ್ಯಾಟಲಾಗ್ ತುಂಬ ಚೆನ್ನಾಗಿ ಬಂದಿತ್ತು, ಎರಡು ಬಣ್ಣದಲ್ಲಿ. ಅದರ ಎರಡನೇ ಬಣ್ಣ ಅವರ ಪಾಲಿನ ದುಡ್ಡು ಅಂತ ಆಗ ಹೊಳೆದಿರಲಿಲ್ಲ.

ಕೂಡಿಸಿ ಕೊಡಲು ನಾಲ್ಕು ವಾರ ಹಿಡಿಯಿತು. ಅಷ್ಟರಲ್ಲಿ ಮೇಳ ಮುಗಿದಿತ್ತು. ಒಂಬತ್ತು ಪ್ರತಿಗಳನ್ನಾದರೂ ಅದೇ ದಿನ ಕಳಿಸಬಹುದಿತ್ತು. ದುಡ್ಡಿನ ಜೊತೆಗೇ ಕಳಿಸಿದರೆ ಮರ್ಯಾದೆ ಅಂತ ಕಾದೆ. ಆ ಮರ್ಯಾದೆ ನನ್ನದು, ಮೇಳ ಅವರದು. ಅವರು ಬೈಯಲಿಲ್ಲ. ‘ತಲುಪಿತು, ಥ್ಯಾಂಕ್ಸ್’ ಅಂತ ಬರೆದರು. ಮುಂದಿನ ಸಂಚಿಕೆಯನ್ನು ಬೇರೆ ಡಿಸ್ಟ್ರೋಗೆ ಕೊಟ್ಟರು. ಅದನ್ನು ನಾನು ದುಡ್ಡು ಕೊಟ್ಟು ತರಿಸಿ ಓದಿದೆ. ಅಜ್ಜಿ ಹೋಗಿಬಿಟ್ಟಿದ್ದರು.

ಆಮೇಲೆ ಡಬ್ಬಿ ಎರಡಾಯಿತು. ಒಂದೊಂದು ಝೀನ್ ಮಾರಿದಾಗಲೂ 60 ಪಾಲು ಅವತ್ತೇ ಆ ಡಬ್ಬಿಗೆ, ಮಿಕ್ಕಿದ್ದು ಈ ಡಬ್ಬಿಗೆ. ಮೊದಲನೆಯದಕ್ಕೆ ಕೈ ಹಾಕುವ ಹಾಗಿಲ್ಲ. ಹೊಸ ಲೆಕ್ಕದ ಪುಸ್ತಕ ತಂದು ಗೆರೆ ಎಳೆದೆ. ಪ್ರತಿ ಝೀನ್‌ಗೂ ಒಂದು ಪುಟ. ಬಂದದ್ದು, ಹೋದದ್ದು, ಕೊಟ್ಟದ್ದು. ಕೊನೆಯ ಎರಡು ಕಾಲಂಗೆ ಏನು ತಲೆಬರಹ ಹಾಕುವುದು ಅಂತ ನೋಡಿದರೆ ಎರಡಕ್ಕೂ ಒಂದೇ ಪದ. ಅಲಮಾರಿಯಲ್ಲಿ ಉಳಿದ ಪ್ರತಿಯೂ ಬಾಕಿ, ನಾನು ಕೊಡಬೇಕಾದ ದುಡ್ಡೂ ಬಾಕಿ. ಬದಲಾಯಿಸಲು ಹೋಗಲಿಲ್ಲ. ಹಾಗೇ ಬರೆದೆ: ಬಾಕಿ, ಬಾಕಿ.

ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಲೆಕ್ಕ ಹೋಗುತ್ತದೆ. ಒಂದೇ ಪ್ರತಿ ಮಾರಿದ್ದರೂ, ಒಂದೂ ಮಾರಿಲ್ಲದಿದ್ದರೂ. ‘ಈ ಸಲ ಸೊನ್ನೆ’ ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸುಮ್ನೆ ಇದ್ದರೆ ಅವರು ನಾನು ಮುಳುಗಿಹೋದೆ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಳ್ಳಲು ಕಾರಣವೂ ಇದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಝೀನ್‌ಗಳು ದೊಡ್ಡ ಪುಸ್ತಕದಂಗಡಿಗಳ ಕಪಾಟಿನವರೆಗೂ ಹೋದವು. ನಡುವೆ ನಿಂತು ಹಂಚುತ್ತಿದ್ದ ಕಂಪನಿಗಳಲ್ಲಿ ಕೆಲವು ಆ ದಶಕದ ಕೊನೆಯ ಹೊತ್ತಿಗೆ ದಿವಾಳಿ ಎದ್ದವು. ಅವರನ್ನು ನಂಬಿ ಜಾಸ್ತಿ ಪ್ರತಿ ಅಚ್ಚು ಹಾಕಿಸಿದ್ದ ಸಣ್ಣ ಪತ್ರಿಕೆಗಳವರ ದುಡ್ಡು ಅದರ ಜೊತೆಗೇ ಮುಳುಗಿತು. ದೊಡ್ಡವರೇ ಡಬ್ಬಿ ಎರಡು ಮಾಡಿರಲಿಲ್ಲ ಅಂತ ಕಾಣುತ್ತದೆ.

ದುಡ್ಡಿನ ಮಾತು ಸಾಕು. ಪ್ಲಾಸ್ಟಿಕ್ಕಿನ ಕಥೆ ಹೇಳುತ್ತೇನೆ, ಅದರಲ್ಲೂ ನನ್ನದೇ ದಡ್ಡತನ.

ಝೀನ್‌ಗಳ ಮೂಲೆ ಬಾಗಬಾರದು, ಧೂಳು ಕೂರಬಾರದು ಅಂತ ಒಂದೊಂದನ್ನೂ ಮೆತ್ತನೆಯ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿಟ್ಟೆ. ಅಲಮಾರಿ ಅಂಗಡಿಯ ಹಾಗೆ ಹೊಳೆಯತೊಡಗಿತು. ಏಳೆಂಟು ತಿಂಗಳ ನಂತರ ಒಂದನ್ನು ಹೊರಗೆ ಎಳೆದೆ. ಚರ್ ಅಂತ ಸದ್ದಾಯಿತು. ಮುಖಪುಟದ ಕಪ್ಪು ಬಣ್ಣ ಅರ್ಧ ಕಾಗದದ ಮೇಲಿತ್ತು, ಅರ್ಧ ಪ್ಲಾಸ್ಟಿಕ್ಕಿನ ಮೇಲೆ. ಹೊದಿಕೆಯಲ್ಲಿ ಝೀನ್‌ನ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಮೂಡಿತ್ತು.

ಕಾರಣ ಆಮೇಲೆ ತಿಳಿಯಿತು. ಜೆರಾಕ್ಸ್ ಯಂತ್ರದಲ್ಲಿ ಇರುವುದು ಶಾಯಿಯಲ್ಲ, ಟೋನರ್ ಪುಡಿ. ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಯಂತ್ರ ಅದನ್ನು ಬಿಸಿ ಮಾಡಿ ಕಾಗದದ ಮೇಲೆ ಕರಗಿಸಿ ಅಂಟಿಸುತ್ತದೆ. ಹೊದಿಕೆಗಳು ಪಿವಿಸಿಯವು. ಪಿವಿಸಿ ಮೂಲತಃ ಗಟ್ಟಿ ವಸ್ತು, ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಆ ಎಣ್ಣೆ ನಿಧಾನವಾಗಿ ಹೊರಗೆ ಬಂದು ಟೋನರನ್ನು ಮೆದುಗೊಳಿಸುತ್ತದೆ. ಆಮೇಲೆ ಎರಡೂ ಅಂಟಿಕೊಳ್ಳುತ್ತವೆ. ಪಾಲಿಪ್ರೊಪಿಲೀನ್ ಹೊದಿಕೆಯಾಗಿದ್ದರೆ ಈ ತೊಂದರೆ ಇರಲಿಲ್ಲ. ಅದನ್ನು ಮುಟ್ಟಿದರೆ ಪರಪರ ಅನ್ನುತ್ತದೆ, ಪಿವಿಸಿಯ ಹಾಗೆ ಮೆತ್ತಗಿರುವುದಿಲ್ಲ, ಹೊಸದರ ವಾಸನೆಯೂ ಬರುವುದಿಲ್ಲ. ಈಗ ಮುಟ್ಟಿ, ಮೂಸಿ ಕೊಳ್ಳುತ್ತೇನೆ.

ಹಾಳಾದವು 14 ಪ್ರತಿ. ಎಲ್ಲವೂ ಮಾರಿದ ಮೇಲೆ ದುಡ್ಡು ಕೊಡುವ ಲೆಕ್ಕದವು. ಒಂದೂ ಮಾರಾಟವಾಗಿರಲಿಲ್ಲ, ಎಲ್ಲದಕ್ಕೂ ದುಡ್ಡು ಕೊಟ್ಟೆ.

ರಿಸೋಗ್ರಾಫ್‌ನಲ್ಲಿ ಅಚ್ಚಾದವುಗಳದ್ದು ಇನ್ನೊಂದು ತಂಟೆ. ನೋಡಲು ಪ್ರಿಂಟರ್ ಹಾಗಿದ್ದರೂ ಅದು ಒಳಗೆ ಹಳೆಯ ಸೈಕ್ಲೋಸ್ಟೈಲ್ ಯಂತ್ರದ ನೆಂಟ. ಅಚ್ಚಿನ ಹಾಳೆಯೊಂದನ್ನು ಕೊರೆದು, ಉರುಳೆಗೆ ಸುತ್ತಿ, ರಂಧ್ರದ ಮೂಲಕ ಶಾಯಿ ಒತ್ತುತ್ತದೆ. ಬಣ್ಣ ಅದ್ಭುತ, ಅದರಲ್ಲೂ ಆ ಕಣ್ಣು ಕುಕ್ಕುವ ಗುಲಾಬಿ. ಆದರೆ ಶಾಯಿಯಲ್ಲಿ ಸೋಯಾ ಎಣ್ಣೆ ಅಥವಾ ಅಕ್ಕಿ ತವುಡಿನ ಎಣ್ಣೆ ಇರುತ್ತದೆ. ಬಿಸಿ ಮಾಡಿ ಒಣಗಿಸುವುದಿಲ್ಲ, ಕಾಗದ ಹೀರಿಕೊಳ್ಳಬೇಕು. ಪೂರ್ತಿ ಹೀರಿಕೊಳ್ಳುವುದೇ ಇಲ್ಲ. ಗಾಢ ಬಣ್ಣದ ಪುಟದ ಮೇಲೆ ಹೆಬ್ಬೆರಳು ಇಟ್ಟರೆ ಮುಂದಿನ ಪುಟದಲ್ಲಿ ನಿಮ್ಮ ಬೆರಳಚ್ಚು ಸಿಗುತ್ತದೆ. ಅಂಥದ್ದನ್ನು ತೆಳು ಕಾಗದದಲ್ಲಿ ಸುತ್ತಿ ಕಳಿಸುತ್ತೇನೆ, ಚೀಟಿಯಲ್ಲಿ ‘ಕೈ ತೊಳೆದು ಓದಿ, ಓದಿ ಕೈ ತೊಳೆಯಿರಿ’ ಅಂತ ಬರೆಯುತ್ತೇನೆ.

ಹೊಸ ಝೀನ್‌ಗಳು ತಿಂಗಳಿಗೆ ಹತ್ತಾರು ಬರುತ್ತವೆ. ಎಲ್ಲವನ್ನೂ ತೆಗೆದುಕೊಳ್ಳಲು ಆಗುವುದಿಲ್ಲ. ಬೇಡ ಅನ್ನುವುದು ಈ ಕೆಲಸದಲ್ಲಿ ನನಗೆ ಬರದೇ ಹೋದ ವಿದ್ಯೆ. ಪ್ರಕಾಶಕರು ಬೇಡ ಅಂದರೆ ಅದು ಹಸ್ತಪ್ರತಿಗೆ. ನಾನು ಬೇಡ ಅಂದರೆ ಅಷ್ಟೊತ್ತಿಗೆ ಅವರು 50 ಪ್ರತಿ ಮಡಚಿ ಪಿನ್ ಹೊಡೆದು ಮುಗಿಸಿರುತ್ತಾರೆ. ಪಿನ್ ವಕ್ರವಾಗಿದೆ ಅಂತ ಬೇಡ ಅಂದದ್ದಿಲ್ಲ. ಜೆರಾಕ್ಸ್ ಯಂತ್ರ ಹಾಳೆಯ ಅಂಚಿನಲ್ಲಿ ನಾಲ್ಕೈದು ಮಿಲಿಮೀಟರ್ ಬಿಟ್ಟು ಅಚ್ಚು ಹಾಕುತ್ತದೆ ಅನ್ನುವುದು ಗೊತ್ತಿಲ್ಲದೆ ಸಾಲಿನ ಕೊನೆಯ ಅಕ್ಷರ ನುಂಗಿಹೋಗಿದ್ದರೂ ಬೇಡ ಅಂದದ್ದಿಲ್ಲ. ಹೇಳುತ್ತೇನೆ, ಮುಂದಿನ ಸಲ ಸರಿ ಮಾಡುತ್ತಾರೆ. ನನಗೆ ಆಗದಿರುವುದು ನುಣ್ಣಗೆ ಹೊಳೆಯುವ ಕಾಗದದಲ್ಲಿ ಪ್ರೆಸ್ಸಿನವರಿಂದ ಮಾಡಿಸಿ, ‘ಝೀನ್’ ಅಂತ ಮೇಲೆ ಬರೆದ ಕಂಪನಿ ಕರಪತ್ರಗಳು. ಅವಕ್ಕೆ ಬೇಡ ಅನ್ನಲು ನಿಮಿಷವೂ ಬೇಕಾಗುವುದಿಲ್ಲ.

ತಪ್ಪೂ ಆಗಿದೆ. ಒಂದು ಝೀನ್ ಸಪ್ಪೆ ಅನ್ನಿಸಿ ವಾಪಸ್ ಕಳಿಸಿದ್ದೆ. ಒಬ್ಬರು ತಮ್ಮ ಮನೆಯ ಒಂದು ಕಿಟಕಿಯಿಂದ ದಿನವೂ ಕಂಡದ್ದನ್ನು ಒಂದೊಂದು ಸಾಲಿನಲ್ಲಿ ಬರೆದಿದ್ದರು, ಅಷ್ಟೇ. ಆರು ತಿಂಗಳಾದ ಮೇಲೂ ಅದರ ಒಂದು ಸಾಲು ತಲೆಯಲ್ಲಿ ಓಡಾಡುತ್ತಿತ್ತು. ಕಾಗದ ಬರೆದೆ. ಎಲ್ಲ ಪ್ರತಿಗಳನ್ನೂ ಹಂಚಿ ಮುಗಿಸಿದ್ದರು, ಮೂಲ ಹಾಳೆಗಳನ್ನೂ ಎಸೆದಿದ್ದರು. ‘ಕಿಟಕಿ ಇನ್ನೂ ಇದೆ’ ಅಂತ ಬರೆದಿದ್ದರು. ಅದು ವ್ಯಂಗ್ಯವೋ ಸಮಾಧಾನವೋ ಈಗಲೂ ತಿಳಿದಿಲ್ಲ.

ತೆಗೆದುಕೊಂಡ ಮೇಲೆ ಕ್ಯಾಟಲಾಗ್‌ಗೆ ಬರೆಯಬೇಕು. ಕೊಳ್ಳುವವರು ಪುಟ ತಿರುವಿ ನೋಡಲಾರರು, ಅವರ ಪರವಾಗಿ ತಿರುವುವವಳು ನಾನೇ. ಅಳತೆ, ಪುಟ, ಕೈಬರಹವೋ ಟೈಪೋ, ಅಕ್ಷರ ಎಷ್ಟು ಸಣ್ಣದು, ಓದಿದರೆ ಮನಸ್ಸು ಕೆಡುವಂಥದ್ದು ಏನಾದರೂ ಇದೆಯಾ. ಆಮೇಲೆ ಎರಡು ಸಾಲಿನಲ್ಲಿ ಅದು ಏನು ಅಂತ. ಹೊಗಳುವುದಿಲ್ಲ. ಹೊಗಳಿದರೆ ಮುಂದಿನದನ್ನು ಇನ್ನೂ ಜಾಸ್ತಿ ಹೊಗಳಬೇಕಾಗುತ್ತದೆ. ಬೀಗದ ಝೀನ್‌ಗೆ ‘21 ಬೀಗಗಳು. ಒಂದು ತೆರೆದಿದೆ’ ಅಂತ ಬರೆದೆ. ಅಲಮಾರಿಯಲ್ಲಿ ಬೇಗ ಖಾಲಿಯಾಗುವುದು ಅದೇ.

ಹೊರದೇಶಕ್ಕೆ ಕಳಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕದ ವಿನಾಯಿತಿ ನಿಲ್ಲಿಸಿತು. ಆ ದಿನಗಳಲ್ಲಿ ಎಷ್ಟೋ ದೇಶಗಳ ಅಂಚೆಯವರು ಅಲ್ಲಿಗೆ ಹೋಗುವ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಬಿಟ್ಟರು. ಡೆನ್ಮಾರ್ಕ್‌ನ ಅಂಚೆ ಸಂಸ್ಥೆ 2025ರ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು. 1624ರಿಂದ ನಡೆದುಕೊಂಡು ಬಂದ ಕೆಲಸ. ನನ್ನ ಮೇಜಿನ ಮೇಲೆ ಅವತ್ತು ಇದ್ದದ್ದು ಎಂಟು ಪುಟದ, ಒಂದೇ ಹಾಳೆಯ ಝೀನ್. ಹಾಳೆಯನ್ನು ಎಂಟು ಮಡಿಕೆ ಮಾಡಿ, ನಡುವೆ ಒಂದೇ ಒಂದು ಕಡೆ ಕತ್ತರಿಸಿದರೆ ಪಿನ್ ಇಲ್ಲದೆಯೇ ಪುಸ್ತಕವಾಗುತ್ತದಲ್ಲ, ಅದು. 5 ಗ್ರಾಂ. ಅದಕ್ಕೂ ಒಳಗೇನಿದೆ, ಬೆಲೆಯೆಷ್ಟು ಅಂತ ಸುಂಕದ ಫಾರಂ ತುಂಬಿದೆ. ಫಾರಂ ಝೀನ್‌ಗಿಂತ ದೊಡ್ಡದಿತ್ತು.

ಇವೆಲ್ಲ ಹೊರಗಿನ ತಾಪತ್ರಯ. ಒಂದು ಸಲ ಬಂದ ಕಾಗದ ಮಾತ್ರ ಬೇರೆ ಥರದ್ದು. ತಮ್ಮ ಬದುಕಿನ ಬಗ್ಗೆ ಬಿಚ್ಚಿ ಬರೆದ ಝೀನ್ ಒಂದನ್ನು ನನಗೆ ಕೊಟ್ಟಿದ್ದವರು, ಎರಡು ವರ್ಷದ ಮೇಲೆ ಬರೆದರು: ‘ದಯವಿಟ್ಟು ಅದನ್ನು ಇನ್ನು ಮಾರಬೇಡಿ. ಬರೆದಾಗ ಐವತ್ತು ಜನ ಓದುತ್ತಾರೆ ಅಂದುಕೊಂಡಿದ್ದೆ. ಈಗ ನಾನು ಆ ಮನುಷ್ಯ ಅಲ್ಲ.’ ಕಾರಣ ಹೇಳಿರಲಿಲ್ಲ, ನಾನು ಕೇಳಲೂ ಇಲ್ಲ. ಝೀನ್ ಸಂಗ್ರಹಿಸುವ ಗ್ರಂಥಪಾಲಕರಿಗೆ ಇದು ಹೊಸದಲ್ಲ. 2015ರಲ್ಲಿ ಅವರು ತಮಗೇ ಒಂದು ನೀತಿ ಸಂಹಿತೆ ಬರೆದುಕೊಂಡರು. ಚಿಕ್ಕ ಗುಂಪಿಗೆ ಅಂತ ಮಾಡಿದ್ದನ್ನು ಎಲ್ಲರ ಕಣ್ಣಿಗೂ ಹಾಕುವ ಮೊದಲು ಮಾಡಿದವರನ್ನು ನೆನೆಯಬೇಕು ಅನ್ನುವುದು ಅದರಲ್ಲಿ ಮುಖ್ಯ ಮಾತು.

ಅಲಮಾರಿಯಲ್ಲಿ 5 ಪ್ರತಿ ಇತ್ತು, ಕಟ್ಟಿ ಇಟ್ಟೆ. ಆರನೆಯದು ಮೇಜಿನ ಮೇಲಿತ್ತು. ಬೆಳಿಗ್ಗೆಯಷ್ಟೇ ಪ್ಯಾಕ್ ಮಾಡಿದ್ದೆ. ಅಂಟಿಸಿ, ವಿಳಾಸ ಬರೆದು, ಅಂಚೆಚೀಟಿಯೂ ಹಚ್ಚಿಯಾಗಿತ್ತು. ಕೊಂಡವರು ದುಡ್ಡು ಕೊಟ್ಟಿದ್ದಾರೆ, ಲೆಕ್ಕ ಪ್ರಕಾರ ಅದು ಮಾರಿಹೋದ ಪ್ರತಿ. ಕಾಗದ ನಾಳೆ ಬಂದಿದ್ದರೆ ಅದು ಹೋಗಿಯೇ ಇರುತ್ತಿತ್ತು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಲಕೋಟೆ ಅರ್ಧ ದಿನ ಅಲ್ಲೇ ಇತ್ತು. ಸಂಜೆ ಕತ್ತರಿ ತೆಗೆದುಕೊಂಡು ಬಿಚ್ಚಿದೆ. ಕೊಂಡವರಿಗೆ ದುಡ್ಡು ವಾಪಸ್ ಕಳಿಸಿ, ‘ಮಾಡಿದವರು ಹಿಂದಕ್ಕೆ ತೆಗೆದುಕೊಂಡಿದ್ದಾರೆ’ ಅಂತ ಬರೆದೆ. ಅವರಿಗೆ ಬೇಜಾರಾಯಿತು. ಇನ್ನೊಂದು ಝೀನ್ ಕೊಳ್ಳಲಿಲ್ಲ. ಆರೂ ಪ್ರತಿಗಳನ್ನು ಬರೆದವರಿಗೆ ಕಳಿಸಿದೆ. ನನ್ನ ಸ್ವಂತ ಪ್ರತಿ ಒಂದಿತ್ತು, ದುಡ್ಡು ಕೊಟ್ಟು ಕೊಂಡದ್ದು. ಅದನ್ನು ಕಳಿಸಲಿಲ್ಲ. ಕಳಿಸಬೇಕಿತ್ತಾ? ಬೀರುವಿನಲ್ಲಿದೆ. ಯಾರಿಗೂ ತೋರಿಸಿಲ್ಲ, ನಾನೂ ಮತ್ತೆ ಓದಿಲ್ಲ.

ಪುಸ್ತಕದಲ್ಲಿ ಇನ್ನೊಂದು ಪುಟ ಇದೆ, ಲೆಕ್ಕ ಮುಗಿಯದ್ದು. ಆ ರಾತ್ರಿ ಪಾಳಿಯವರದು. ಮೊದಲು ಎರಡು ಸಲ ಲೆಕ್ಕ ಕಳಿಸಿದಾಗ ಉತ್ತರ ಬಂದಿತ್ತು. ಮೂರನೇ ಸಲ ಲಕೋಟೆಯೇ ವಾಪಸ್ ಬಂತು, ಈ ವಿಳಾಸದಲ್ಲಿ ಇಲ್ಲ ಅಂತ ಮೇಲೆ ಗೀಚಿತ್ತು. ಝೀನ್‌ನ ಕೊನೆಯ ಪುಟದಲ್ಲಿರುವುದೂ ಅದೇ ವಿಳಾಸ. ಅವರನ್ನು ಬಲ್ಲವರು ಯಾರೂ ನನಗೆ ಗೊತ್ತಿಲ್ಲ. ಅವರ ಪಾಲು ಒಂದು ಲಕೋಟೆಯಲ್ಲಿ, ಮೊದಲ ಡಬ್ಬಿಯ ತಳದಲ್ಲಿದೆ. ಪ್ರತಿ ಮೂರು ಉಳಿದಿದ್ದವು.

ಅವನ್ನು ಮಾರಬಹುದಾ ಅಂತ ಬಹಳ ದಿನ ತೀರ್ಮಾನಿಸಲು ಆಗಲಿಲ್ಲ. ಮಾರಬೇಡಿ ಅಂತ ಅವರು ಹೇಳಿಲ್ಲ. ಮಾರಲಿ ಅಂತಲೇ ಕೊಟ್ಟದ್ದು. ಆದರೆ ಕೇಳಲು ಅವರಿಲ್ಲ. ಕ್ಯಾಟಲಾಗ್‌ನಿಂದ ತೆಗೆಯಲಿಲ್ಲ, ಯಾರಿಗೂ ಓದಿ ಅಂತ ಹೇಳಲೂ ಇಲ್ಲ.

ಹೋದ ವಾರ ಅದನ್ನೇ ಕೇಳಿ ಒಬ್ಬರು ದುಡ್ಡು ಕಳಿಸಿದರು. ಒಂದು ಪ್ರತಿ ತೆಗೆದು ತಿರುವಿದೆ. ಮೂರು ಗಂಟೆಯ ಪುಟ ಹಾಗೇ ಖಾಲಿ. ನಾಲ್ಕು ಗಂಟೆಯದರಲ್ಲಿ ‘ಹಕ್ಕಿಗಳು ನನಗಿಂತ ಮೊದಲು ಎದ್ದವು’ ಅಂತ ಇದೆ. ಲಕೋಟೆಗೆ ಹಾಕಿ, ಮೆಷಿನ್ ಮೇಲೆ ಇಟ್ಟೆ. 46. ನಾಲ್ಕು ಗ್ರಾಂ ಜಾಗ ಇತ್ತು. ಬಹಳ ದಿನದ ಮೇಲೆ ಅರ್ಧ ಹಾಳೆ ತೆಗೆದುಕೊಂಡೆ. ಝೀನ್‌ನಲ್ಲಿರುವ ವಿಳಾಸ ಹಳೆಯದು, ಓದಿದ ಮೇಲೆ ಅವರಿಗೆ ಏನಾದರೂ ಬರೆಯಬೇಕು ಅನ್ನಿಸಿದರೆ ನನಗೆ ಕಳಿಸಿ, ಇಟ್ಟುಕೊಂಡಿರುತ್ತೇನೆ ಅಂತ ಬರೆದೆ. 49 ಆಯಿತು. ಅಂಟಿಸಿದೆ.

60 ಪಾಲನ್ನು ಎಣಿಸಿ ಡಬ್ಬಿಯ ತಳದ ಲಕೋಟೆಗೆ ಸೇರಿಸಿದೆ. ಅವರ ಪುಟ ತೆಗೆದು ಎರಡೂ ಕಾಲಂನಲ್ಲಿ ಹಳೆಯದನ್ನು ಹೊಡೆದುಹಾಕಿದೆ. ಪ್ರತಿಯ ಬಾಕಿ ಒಂದು ಇಳಿಯಿತು, ದುಡ್ಡಿನ ಬಾಕಿ ಅಷ್ಟು ಏರಿತು.